ಸ್ಟೀರಿಂಗ್ ತಿರುಗುತ್ತದೆ, ಜೀಪು ತಿರುಗುವುದಿಲ್ಲ: ಆ ಸಡಿಲ ಇರುವುದೆಲ್ಲಿ?

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಜೀಪುಗಳಿಗೆ ಕೆಲಸ ಶುರುವಾಗುತ್ತದೆ. ಅಡಿಕೆ ಕೊನೆ ತೋಟದಿಂದ ಅಂಗಳಕ್ಕೆ ಬರಬೇಕು. ಗೊಬ್ಬರದ ಚೀಲ ಗುಡ್ಡ ಹತ್ತಬೇಕು. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳಿಗಂತೂ ಪುರುಸೊತ್ತೇ ಇರುವುದಿಲ್ಲ. ಇವುಗಳ ಜೊತೆ ಈಚೆಗೆ ಇನ್ನೊಂದು ಜಾತಿಯ ಜೀಪು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ರಸ್ತೆಗಳಲ್ಲಿ ಕಾಣುತ್ತಿದೆ. ಮಹೀಂದ್ರದ ಹಳೆಯ ಎಂಎಂ 540 ಅಥವಾ ಮಾರುತಿ ಜಿಪ್ಸಿಯನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು, ಮೂರು ನಾಲ್ಕು ಇಂಚು ಎತ್ತರ ಮಾಡಿಸಿ, ದಪ್ಪ ಟೈರ್ ತೊಡಿಸಿ, ಭಾನುವಾರ ಕೆಸರಿಗೆ ಇಳಿಸುವ ಹುಡುಗರ ಜೀಪು. ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು: "ಸ್ಟೀರಿಂಗ್ ಲೂಸಾಗಿದೆ."

ನನ್ನ ಜೀಪಿಗೂ ಹೀಗೇ ಆಗಿತ್ತು. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಸೋಮೇಶ್ವರದ ಕಡೆ ಇಳಿಯುವಾಗ ಮೂರನೆಯದಕ್ಕೇ ನನ್ನ ಅಂಗೈ ಬೆವರಿತ್ತು. ನಾನು ತಿರುಗಿಸುತ್ತೇನೆ, ಜೀಪು ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ಮಾರನೆ ದಿನ ಒಂದು ವರ್ಕ್‌ಶಾಪಿಗೆ ಒಯ್ದೆ. ಸ್ಟೀರಿಂಗ್ ಬಾಕ್ಸ್ ಹೋಗಿದೆ ಅಂದರು. ಬಾಕ್ಸ್ ಬದಲಾಯಿತು, ದುಡ್ಡು ಹೋಯಿತು, ಸಡಿಲ ಮಾತ್ರ ಹಾಗೇ ಉಳಿಯಿತು. ಕೊನೆಗೆ ಊರಿನ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಜೀಪಿನ ಕೆಳಗೆ ಮಲಗಿದರು. ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಅಲ್ಲಲ್ಲಿ ಅಂಗೈ ಇಟ್ಟು ನೋಡಿ ಹತ್ತು ನಿಮಿಷಕ್ಕೆ ಎದ್ದು ಬಂದರು. "ಬಾಕ್ಸಿಗೆ ಎಂತ ಆಗಿತ್ತು ಮಾರಾಯ್ರೆ? ಸ್ಪ್ರಿಂಗಿನ ಬುಶ್ಶೇ ಇಲ್ಲ ಅಲ್ಲಿ" ಅಂದರು.

ಬುಶ್ ಅಂದರೆ ಬೋಲ್ಟಿನ ಸುತ್ತ ಸಂದು ಬಿಡದಂತೆ ಕೂರುವ ಬಳೆಯಂಥ ತುಂಡು. ಸ್ಟೀರಿಂಗ್ ಲೂಸಾಗಿದೆ ಅಂದರೆ ಸ್ಪ್ರಿಂಗಿನ ಬುಶ್ಶಿಗೂ ಅದಕ್ಕೂ ಏನು ಸಂಬಂಧ? ಆ ಸಂಬಂಧ ಅರ್ಥವಾಗಬೇಕಾದರೆ ಸ್ವಲ್ಪ ಮೂಲದಿಂದ ಶುರು ಮಾಡಬೇಕು.

'ಪ್ಲೇ' ಅಂದರೇನು

ಮೆಕ್ಯಾನಿಕ್‌ಗಳು ಈ ಸಡಿಲಕ್ಕೆ 'ಪ್ಲೇ' ಅನ್ನುತ್ತಾರೆ. ಬೀಸುವ ಕಲ್ಲು ಕಂಡವರಿಗೆ ಇದು ಸುಲಭ. ಗೂಟ ಬಿಗಿಯಾಗಿದ್ದಾಗ ಕೈ ಎಳೆದ ಕೂಡಲೇ ಕಲ್ಲು ತಿರುಗುತ್ತದೆ. ವರ್ಷಗಟ್ಟಲೆ ಬೀಸಿ ಗೂಟದ ತೂತು ಅಗಲವಾಯಿತು ಅನ್ನಿ. ಆಗ ಗೂಟ ಮೊದಲು ತೂತಿನೊಳಗೇ ಒಂಚೂರು ವಾಲುತ್ತದೆ, ಆಮೇಲೆ ಕಲ್ಲನ್ನು ಎಳೆಯುತ್ತದೆ. ಹಾಗೆ ಸುಮ್ನೆ ವಾಲಿದ ದೂರವೇ ಪ್ಲೇ.

ಜೀಪಿನಲ್ಲಿ ಇದನ್ನು ಅಳೆಯಲು ಸೀಮೆಸುಣ್ಣ ಸಾಕು. ಗಾಲಿಗಳನ್ನು ನೇರ ಮಾಡಿ ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಸ್ಟೀರಿಂಗಿನ ಅಂಚಿಗೆ ಒಂದು ಗುರುತು ಹಾಕಿ, ಮೆಲ್ಲಗೆ ಎಡಕ್ಕೆ ತಿರುಗಿಸಿ. ಮುಂದಿನ ಟೈರ್ ಅಲುಗಲು ಶುರುವಾದ ಕ್ಷಣ ನಿಲ್ಲಿಸಿ. ಬಲಕ್ಕೂ ಹಾಗೇ ಮಾಡಿ. ಈ ಎರಡು ಜಾಗಗಳ ನಡುವೆ ಗುರುತು ಎಷ್ಟು ದೂರ ಸಾಗಿತೋ ಅಷ್ಟು ಪ್ಲೇ. ಟೈರ್ ಅಲುಗಿತೋ ಇಲ್ಲವೋ ಹೇಳಲು ಹೊರಗೆ ಒಬ್ಬರು ಇದ್ದರೆ ಒಳ್ಳೆಯದು.

ಹಳೆ ಮಾದರಿಯ ಜೀಪಿನಲ್ಲಿ ಪ್ಲೇ ಪೂರ್ತಿ ಸೊನ್ನೆ ಇರುವುದಿಲ್ಲ, ಇರಲೂಬೇಕಿಲ್ಲ. ಕಾನೂನು ಒಂದು ಗಡಿ ಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ಸ್ಟೀರಿಂಗಿನದ್ದು. ಅದರ ಪ್ರಕಾರ ಪ್ಲೇ 30 ಡಿಗ್ರಿ ಮೀರಬಾರದು. ಗಡಿಯಾರದ ಮುಖದ ಮೇಲೆ 12ರಿಂದ 1ಕ್ಕೆ ಇರುವ ಅಂತರ ಸರಿಯಾಗಿ 30 ಡಿಗ್ರಿ. 40 ಸೆಂ.ಮೀ. ಅಗಲದ ಸ್ಟೀರಿಂಗಿನ ಅಂಚಿನಲ್ಲಿ ಅದು ಹತ್ತು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಇದು ಕಾನೂನಿನ ಕಟ್ಟಕಡೆಯ ಗೆರೆ, ಆರೋಗ್ಯದ ಲಕ್ಷಣವಲ್ಲ. ಘಾಟಿ ರಸ್ತೆಯಲ್ಲಿ ಓಡುವ ಜೀಪಿನಲ್ಲಿ ಒಂದು ಇಂಚಿನ ಆಸುಪಾಸು ದಾಟಿದರೆ ನಾನಾದರೆ ಕೆಳಗೆ ಮಲಗಿ ನೋಡುತ್ತೇನೆ.

ಕೈಯಿಂದ ಟೈರಿನವರೆಗಿನ ದಾರಿ

ಸ್ಟೀರಿಂಗ್ ತಿರುಗಿಸಿದಾಗ ಆ ತಿರುವು ನೇರವಾಗಿ ಟೈರಿಗೆ ಹೋಗುವುದಿಲ್ಲ. ಬಕೆಟ್ ಸಾಲಿನಲ್ಲಿ ನೀರು ಕೈಯಿಂದ ಕೈಗೆ ಸಾಗಿದ ಹಾಗೆ ಒಂದು ಭಾಗದಿಂದ ಇನ್ನೊಂದಕ್ಕೆ ಸಾಗುತ್ತದೆ.

ಮೊದಲು ಸ್ಟೀರಿಂಗಿನಿಂದ ಕೆಳಗಿಳಿಯುವ ಕಂಬಿ. ಪವರ್ ಸ್ಟೀರಿಂಗ್ ಕೂರಿಸಿದ ಜೀಪುಗಳಲ್ಲಿ ಈ ಕಂಬಿಗೆ ಒಂದೆರಡು ಕಡೆ ಯೂನಿವರ್ಸಲ್ ಜಾಯಿಂಟ್ ಇರುತ್ತದೆ, ನಮ್ಮ ಮಣಿಕಟ್ಟಿನ ಹಾಗೆ. ಆಮೇಲೆ ಸ್ಟೀರಿಂಗ್ ಬಾಕ್ಸ್. ಇದು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಡಬ್ಬಿ. ಒಳಗೆ ಸ್ಕ್ರೂವಿನಂಥ ಒಂದು ದಂಡ. ಕೈಯ ಹಲವು ಸುತ್ತನ್ನು ಇದು ನಿಧಾನವಾದ, ಆದರೆ ಬಲವಾದ ಚಲನೆಯಾಗಿ ಬದಲಿಸುತ್ತದೆ. ಬಾಕ್ಸಿನಿಂದ ಹೊರಬರುವ ಮೋಟು ತೋಳಿಗೆ ಡ್ರಾಪ್ ಆರ್ಮ್ ಅಥವಾ ಪಿಟ್‌ಮನ್ ಆರ್ಮ್ ಎಂದು ಹೆಸರು. ಅದು ಆಚೀಚೆ ಆಡಿದಂತೆ ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ತಳ್ಳುತ್ತದೆ, ಎಳೆಯುತ್ತದೆ. ಆ ಸರಳು ಒಂದು ಗಾಲಿಯನ್ನು ತಿರುಗಿಸುತ್ತದೆ. ಆ ಗಾಲಿಯನ್ನೂ ಇನ್ನೊಂದು ಗಾಲಿಯನ್ನೂ ಸೇರಿಸುವ ಉದ್ದ ಸರಳು ಟೈ ರಾಡ್. ಈ ಸರಳುಗಳ ತುದಿಯಲ್ಲೆಲ್ಲ ಗುಂಡು ಕೀಲುಗಳಿವೆ. ಒಂದು ಬಟ್ಟಲು, ಅದರೊಳಗೆ ಗುಂಡು, ಮೇಲೆ ರಬ್ಬರ್ ಟೋಪಿ. ಗ್ಯಾರೇಜಿನಲ್ಲಿ ಟೈ ರಾಡ್ ಎಂಡ್ ಅನ್ನುವುದು ಇದಕ್ಕೇ.

ಗಾಲಿಯ ಕಡೆ ಬಂದರೆ ನಕಲ್, ಅಂದರೆ ಗಾಲಿಯನ್ನು ಹಿಡಿದು ತಿರುಗುವ ತುಂಡು. ಅದು ಕಿಂಗ್ ಪಿನ್ ಎಂಬ ಮೇಲೆ ಕೆಳಗಿನ ಎರಡು ಗೂಟಗಳ ಮೇಲೆ ಬಾಗಿಲಿನಂತೆ ತಿರುಗುತ್ತದೆ. ಗಾಲಿ ಸುತ್ತುವುದು ವೀಲ್ ಬೇರಿಂಗ್ ಮೇಲೆ. ಇಷ್ಟನ್ನೂ ಹೊತ್ತಿರುವುದು ಮುಂದಿನ ಆಕ್ಸಲ್, ಅಂದರೆ ಎರಡು ಗಾಲಿಗಳ ನಡುವಿನ ಅಡ್ಡ ದಂಡ.

ಇನ್ನು ಆ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿರುವುದು ಯಾವುದು? ಹಳೆ ಜೀಪು, ಜಿಪ್ಸಿಗಳಲ್ಲಿ ಅದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳ ಕಟ್ಟು. ಇದು ಭಾರ ಹೊರುವುದು ಮಾತ್ರವಲ್ಲ, ಆಕ್ಸಲ್ ಆಚೀಚೆ ಸರಿಯದಂತೆ ಕಟ್ಟಿಹಾಕುವುದೂ ಇದೇ. ಒಂದು ತುದಿ ಚಾಸಿಗೆ ಬೋಲ್ಟಿನಿಂದ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯಿಂದ ಸೇರಿರುತ್ತದೆ. ಆ ಬೋಲ್ಟುಗಳ ಸುತ್ತ ಬುಶ್ ಇರುತ್ತದೆ. ನನ್ನ ಜೀಪಿನಲ್ಲಿ ಇಲ್ಲವಾಗಿದ್ದು ಅದೇ. ಡ್ರ್ಯಾಗ್ ಲಿಂಕ್ ತಳ್ಳಿದಾಗ ಗಾಲಿ ತಿರುಗುವ ಬದಲು ಮೊದಲು ಆಕ್ಸಲ್ಲೇ ಒಂದಿಷ್ಟು ಪಕ್ಕಕ್ಕೆ ಜಾರುತ್ತಿತ್ತು. ಬುಶ್ಶಿನ ಖಾಲಿ ಜಾಗ ಮುಗಿದ ಮೇಲೆ ಗಾಲಿ ತಿರುಗುತ್ತಿತ್ತು. ಜೀಪು ಯೋಚನೆ ಮಾಡುತ್ತಿದೆ ಅಂತ ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

ಮಹೀಂದ್ರ ಕಂಪನಿ ನಮ್ಮಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆ ಮನೆತನದ ತೀರಾ ಹಳೆಯ ಜೀಪು ನಿಮ್ಮಲ್ಲಿದ್ದರೆ ನಡುವೆ ಬೆಲ್ ಕ್ರ್ಯಾಂಕ್ ಎಂಬ ಇನ್ನೊಂದು ಕೊಂಡಿಯೂ ಇರುತ್ತದೆ. ಅದು ಸವೆಯುವುದರಲ್ಲಿ ಬಹಳ ಹೆಸರುವಾಸಿ. ಮೊದಲು ಅದನ್ನೇ ನೋಡಿ.

ಒಂದು ಮಿಲಿಮೀಟರಿನ ಲೆಕ್ಕ

ಸಡಿಲ ಕೈಗೆ ಸಿಗುವುದು ಸ್ಟೀರಿಂಗಿನಲ್ಲಿ. ಹಾಗಾಗಿ ಅನುಮಾನ ಮೊದಲು ಹೋಗುವುದು ಅದಕ್ಕೆ ಹತ್ತಿರದ ಬಾಕ್ಸಿನ ಮೇಲೆ. ಆದರೆ ಲೆಕ್ಕ ಹಾಕಿದರೆ ಬೇರೆ ಕಥೆ ಹೊರಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸ್ಟೀರಿಂಗನ್ನು 18 ಡಿಗ್ರಿ ತಿರುಗಿಸಿದರೆ ಗಾಲಿ 1 ಡಿಗ್ರಿ ತಿರುಗುವ ಜೀಪು. ಗಾಲಿಯನ್ನು ತಿರುಗಿಸುವ ತೋಳಿನ ಉದ್ದ 15 ಸೆಂ.ಮೀ. ಡ್ರ್ಯಾಗ್ ಲಿಂಕಿನ ಒಂದು ಕೀಲು ಸವೆದು 1 ಮಿ.ಮೀ. ಆಡುತ್ತಿದೆ. ಆ 1 ಮಿ.ಮೀ. ಗಾಲಿಯ ಮಟ್ಟಿಗೆ ಸುಮಾರು 0.38 ಡಿಗ್ರಿ. ಸ್ಟೀರಿಂಗಿಗೆ ಬರುವಷ್ಟರಲ್ಲಿ ಅದು 18 ಪಟ್ಟಾಗಿ ಹೆಚ್ಚುಕಡಿಮೆ 7 ಡಿಗ್ರಿ. 40 ಸೆಂ.ಮೀ. ಸ್ಟೀರಿಂಗಿನ ಅಂಚಿನಲ್ಲಿ ಇದು 2.4 ಸೆಂ.ಮೀ., ಅಂದರೆ ಒಂದು ಇಂಚಿಗೆ ಹತ್ತಿರ!

ಉಗುರಿನ ದಪ್ಪದಷ್ಟು ಸವೆತ ಕೈಗೆ ಬರುವಾಗ ಒಂದು ಇಂಚಾಗುತ್ತದೆ. ಎರಡು ಕೀಲು, ಒಂದು ಬುಶ್ ಸೇರಿದರೆ ಮೂರು ಇಂಚು. ಕಂಬಿಯ ಜಾಯಿಂಟಿನಲ್ಲಿರುವ ಸಡಿಲ ಹೀಗೆ ಹಿಗ್ಗುವುದಿಲ್ಲ, ಅಲ್ಲಿ ಇದ್ದಷ್ಟೇ ಕೈಗೆ ಬರುತ್ತದೆ. ಆದ್ದರಿಂದ ಹುಡುಕಾಟ ನೆಲದ ಕಡೆಯಿಂದ ಮೇಲಕ್ಕೆ ಹೋಗುವುದು ಲಾಭ. ಕಡಿಮೆ ಬೆಲೆಯ ಭಾಗಗಳಿರುವುದೂ ಆ ಕಡೆಯೇ.

ಎತ್ತರಿಸಿದ ಜೀಪಿಗೆ ಈ ಕಾಯಿಲೆ ಯಾಕೆ ಜಾಸ್ತಿ

ಮೊದಲನೆಯದು ಟೈರು. ಜಿಪ್ಸಿಗೆ ಕಂಪನಿ ಕೊಟ್ಟ 205/70 ಆರ್15 ಟೈರಿನ ಎತ್ತರ 26 ಇಂಚು ಚಿಲ್ಲರೆ. ಅದಕ್ಕೆ 31 ಇಂಚಿನ ಟೈರ್ ಹಾಕಿದರೆ ಎತ್ತರ, ಅಗಲ, ತೂಕ ಮೂರೂ ಏರುತ್ತವೆ. ಕೀಲುಗಳು ಮಾತ್ರ ಹಳೆಯವೇ. ಸಣ್ಣ ಟೈರಿಗೆಂದು ಮಾಡಿದ ಕೀಲಿನ ಮೇಲೆ ದೊಡ್ಡ ಟೈರಿನ ಒದೆ ಬೀಳುತ್ತದೆ.

ಎರಡನೆಯದು ಹೊರಗೆ ಚಾಚಿದ ರಿಮ್ಮು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಅರ್ಧ ಮೈಲಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಕಷ್ಟ. ಟೈರು ಕಿಂಗ್ ಪಿನ್ನಿನಿಂದ ದೂರ ಹೋದಷ್ಟೂ ಪ್ರತಿ ಕಲ್ಲು, ಪ್ರತಿ ಗುಂಡಿ ಸ್ಟೀರಿಂಗನ್ನು ಜೋರಾಗಿ ಎಳೆಯುತ್ತದೆ. ವೀಲ್ ಬೇರಿಂಗೂ ಬೇಗ ಸೋಲುತ್ತದೆ.

ಮೂರನೆಯದು ಓರೆಯಾದ ಡ್ರ್ಯಾಗ್ ಲಿಂಕ್. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಅಡ್ಡಗಂಬ ನೆನಪಿಸಿಕೊಳ್ಳಿ. ಅಡ್ಡ ಮಲಗಿದ ಗಂಬವನ್ನು ಒಂದು ಅಡಿ ಎತ್ತಿದರೆ ಅದರ ತುದಿ ಬಹುತೇಕ ನೇರ ಮೇಲಕ್ಕೇ ಹೋಗುತ್ತದೆ. ಅರ್ಧ ಎದ್ದ ಗಂಬವನ್ನು ಇನ್ನೂ ಒಂದು ಅಡಿ ಎತ್ತಿದರೆ ತುದಿ ಮೇಲಕ್ಕೆ ಹೋಗುವುದರ ಜೊತೆ ಹಿಂದಕ್ಕೂ ಸರಿಯುತ್ತದೆ. ಡ್ರ್ಯಾಗ್ ಲಿಂಕೂ ಹಾಗೇ. ಚಪ್ಪಟೆಯಾಗಿ ಮಲಗಿದ್ದರೆ ಆಕ್ಸಲ್ ಮೇಲೆ ಕೆಳಗೆ ಆಡಿದರೂ ಗಾಲಿ ತಿರುಗುವುದಿಲ್ಲ. ಜೀಪನ್ನು ನಾಲ್ಕು ಇಂಚು ಎತ್ತಿದಾಗ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋಯಿತು, ಆಕ್ಸಲ್ ಕೆಳಗೇ ಉಳಿಯಿತು. ನಡುವಿನ ಲಿಂಕ್ ಓರೆಯಾಯಿತು. ಈಗ ಪ್ರತಿ ಉಬ್ಬಿಗೂ ಅದು ಗಾಲಿಯನ್ನು ಒಂಚೂರು ತಿರುಗಿಸುತ್ತದೆ. ನೀವು ಸ್ಟೀರಿಂಗ್ ಅಲುಗಿಸದಿದ್ದರೂ ಜೀಪು ಅತ್ತಿತ್ತ ಹೋಗುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಕೀಲು ಎಷ್ಟು ಹೊಸತಾದರೂ ಇದು ಹೋಗುವುದಿಲ್ಲ. ಲಿಂಕನ್ನು ಮತ್ತೆ ಚಪ್ಪಟೆ ಮಾಡಬೇಕು. ಅದಕ್ಕೆ ಕೆಳಗೆ ಬಾಗಿದ ಡ್ರಾಪ್ ಆರ್ಮ್ ಸಿಗುತ್ತದೆ, ಇಲ್ಲವೇ ಗಾಲಿಯ ಕಡೆಯ ತೋಳನ್ನು ಎತ್ತರಕ್ಕೆ ತರುವ ಏರ್ಪಾಡು ಇದೆ.

ಯಾವ ಕೀಲೂ ಸವೆಯದ ಸಡಿಲ

ಕೆಲವೊಮ್ಮೆ ಎಲ್ಲ ಕೀಲು ಬಿಗಿಯಾಗಿರುತ್ತವೆ. ಸೀಮೆಸುಣ್ಣದ ಅಳತೆಯೂ ಸರಿ ಇರುತ್ತದೆ. ಆದರೂ ಓಡಿಸುವಾಗ ಸ್ಟೀರಿಂಗ್ ಹಗುರ, ಜೀಪು ದಾರಿ ಬಿಟ್ಟು ಅಲೆಯುತ್ತದೆ. ಇದು ಕೋನದ ಸಮಸ್ಯೆ.

ಸೈಕಲ್ಲಿನ ಮುಂದಿನ ಫೋರ್ಕ್ ನೇರ ನಿಂತಿರುವುದಿಲ್ಲ, ಮುಂದಕ್ಕೆ ಚಾಚಿ ಓರೆಯಾಗಿರುತ್ತದೆ. ಎರಡೂ ಕೈ ಬಿಟ್ಟು ಸೈಕಲ್ ಹೊಡೆಯಲು ಈ ಓರೆಯೂ ನೆರವಾಗುತ್ತದೆ. ಜೀಪಿನ ಕಿಂಗ್ ಪಿನ್ನಿನ ಬುಡವೂ ಹೀಗೆ ಮುಂದಿದ್ದು, ತಲೆ ಕೆಲವೇ ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು, ನೇರ ರಸ್ತೆಯಲ್ಲಿ ಜೀಪು ನೆಟ್ಟಗೆ ಹೋಗುವುದು ಇದರಿಂದ.

ಕಡಿಮೆ ಖರ್ಚಿನಲ್ಲಿ ಎತ್ತರ ಬೇಕೆಂದು ಕೆಲವರು ಉದ್ದದ ಶ್ಯಾಕಲ್ ಹಾಕಿಸುತ್ತಾರೆ. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದರೆ ಆ ತುದಿ ಮಾತ್ರ ಕೆಳಗಿಳಿದು ಸ್ಪ್ರಿಂಗ್ ಮೂಗು ಬಗ್ಗಿಸುತ್ತದೆ. ಅದರ ಜೊತೆ ಆಕ್ಸಲ್ಲೂ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕರಗುತ್ತದೆ. ಪರಿಹಾರ ಹಳೆಯದೇ: ಬೆಣೆ. ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಬೆಣೆಯಾಕಾರದ ಲೋಹದ ಪ್ಲೇಟ್ ಇಟ್ಟು ಆಕ್ಸಲ್ಲನ್ನು ಮತ್ತೆ ಹಿಂದಕ್ಕೆ ವಾಲಿಸುತ್ತಾರೆ. ಇದಕ್ಕೂ ಮಿತಿ ಇದೆ. ಆಕ್ಸಲ್ ತಿರುಗಿದಷ್ಟೂ ಫೋರ್ ವೀಲ್ ಡ್ರೈವಿನಲ್ಲಿ ಎಂಜಿನ್ನಿನ ಬಲವನ್ನು ಮುಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಬೆಣೆ ಎಷ್ಟು ಡಿಗ್ರಿಯದು ಬೇಕೆಂದು ಅಲೈನ್‌ಮೆಂಟ್, ಅಂದರೆ ಗಾಲಿಗಳ ಕೋನ, ಅಳೆಸಿಯೇ ತೀರ್ಮಾನಿಸಬೇಕು.

ಇನ್ನೊಂದು ಕೋನ ಟೋ. ಎರಡು ಮುಂದಿನ ಗಾಲಿಗಳನ್ನು ನೊಗಕ್ಕೆ ಕಟ್ಟಿದ ಜೋಡಿ ಎತ್ತು ಅಂದುಕೊಳ್ಳಿ. ಎರಡೂ ಮೂಗನ್ನು ಹೊರಕ್ಕೆ ಮಾಡಿ ನಡೆದರೆ ಗಾಡಿ ಅತ್ತಿತ್ತ ಎಳೆದಾಡುತ್ತದೆ. ಅದಕ್ಕೇ ಗಾಲಿಗಳ ಮುಂಭಾಗವನ್ನು ಕೆಲವೇ ಮಿ.ಮೀ. ಒಳಕ್ಕೆ ಇಡುತ್ತಾರೆ. ಇದನ್ನು ಮನೆಯಂಗಳದಲ್ಲೇ ಅಂದಾಜು ಮಾಡಬಹುದು. ಎರಡೂ ಟೈರಿನ ನಡುಗೆರೆಗೆ, ಆಕ್ಸಲ್ಲಿನ ಎತ್ತರದಲ್ಲಿ, ಮುಂದುಗಡೆ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಜೀಪನ್ನು ಗಾಲಿ ಅರ್ಧ ಸುತ್ತುವಷ್ಟು ಮುಂದೆ ತಳ್ಳಿ. ಈಗ ಗುರುತುಗಳು ಹಿಂದುಗಡೆ ಬಂದಿರುತ್ತವೆ. ಮತ್ತೆ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ನಿಮ್ಮ ಗಾಡಿಗೆ ಎಷ್ಟು ಅನ್ನುವುದು ಕಂಪನಿಯ ಕೈಪಿಡಿಯಲ್ಲಿರುತ್ತದೆ.

ಇಷ್ಟಕ್ಕೂ ಮೊದಲು ಟೈರಿನ ಗಾಳಿ ನೋಡಿ. ಕೆಸರಿಗೆಂದು ಗಾಳಿ ಇಳಿಸಿ, ಮತ್ತೆ ತುಂಬಿಸದೆ ಡಾಂಬರು ರಸ್ತೆಗೆ ಬಂದು ಸ್ಟೀರಿಂಗ್ ಲೂಸು ಅನ್ನುವವರಿದ್ದಾರೆ. ನಗಬೇಡಿ, ನಾನೂ ಒಮ್ಮೆ ಆ ಪಟ್ಟಿಯಲ್ಲಿದ್ದೆ.

ಇಬ್ಬರು ಜನ, ಒಂದು ಜಾಕ್

ಈಗ ಮೇಸ್ತ್ರಿ ಮಾಡಿದ ಕೆಲಸಕ್ಕೆ ಬರೋಣ. ಜೀಪು ಸಮತಟ್ಟು ಜಾಗದಲ್ಲಿ, ನಾಲ್ಕೂ ಗಾಲಿ ನೆಲದ ಮೇಲೆ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಡಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸುತ್ತಾ ಇರಬೇಕು, ಮಗುವಿನ ತೊಟ್ಟಿಲು ತೂಗಿದಷ್ಟು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಅಂಗೈ ಇಡಬೇಕು, ಕೀಲಿನ ಎರಡೂ ಭಾಗಕ್ಕೆ ತಾಗುವ ಹಾಗೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ 'ಟಕ್' ಅಂತ ಗೊತ್ತಾಗುತ್ತದೆ.

ನೋಡಬೇಕಾದ್ದು ಒಂದೇ. ಈ ಕಡೆಯ ತುಂಡು ಅಲುಗುತ್ತಿದೆ, ಆ ಕಡೆಯದ್ದು ಅಲುಗುತ್ತಿಲ್ಲ ಅನ್ನುವ ಜಾಗ ಎಲ್ಲಿದೆ? ಡ್ರಾಪ್ ಆರ್ಮ್ ಆಡುತ್ತಿದೆ, ಲಿಂಕ್ ಸುಮ್ಮನಿದೆ ಅಂದರೆ ನಡುವಿನ ಕೀಲು ಹೋಗಿದೆ. ಕಂಬಿ ತಿರುಗುತ್ತಿದೆ, ಡ್ರಾಪ್ ಆರ್ಮ್ ನಿಂತಿದೆ ಅಂದರೆ ಆಗ ಬಾಕ್ಸಿನ ಮೇಲೆ ಅನುಮಾನ ಪಡಬಹುದು. ಬಾಕ್ಸೇ ಚಾಸಿಯ ಮೇಲೆ ಅಲ್ಲಾಡುತ್ತಿದೆಯಾ ಅದನ್ನೂ ನೋಡಿ. ದೊಡ್ಡ ಟೈರಿನ ಜೀಪುಗಳಲ್ಲಿ ಬಾಕ್ಸಿನ ಬೋಲ್ಟ್ ಸಡಿಲವಾಗುವುದು, ಆ ಜಾಗದ ಚಾಸಿ ಬಿರುಕು ಬಿಡುವುದು ಎರಡೂ ಉಂಟು. ಬಿರುಕು ಕೆಸರಿನಡಿ ಅಡಗಿರುತ್ತದೆ, ತೊಳೆದೇ ನೋಡಬೇಕು. ಆಮೇಲೆ ಕಣ್ಣನ್ನು ಸ್ಪ್ರಿಂಗಿನ ತುದಿಗಳಿಗೆ ಹಾಯಿಸಿ. ಸ್ಟೀರಿಂಗ್ ಆಡಿಸಿದಾಗ ಶ್ಯಾಕಲ್ ಪಕ್ಕಕ್ಕೆ ವಾಲುತ್ತಿದ್ದರೆ ಬುಶ್ ಮುಗಿದಿದೆ. ಆಕ್ಸಲ್ಲನ್ನು ಸ್ಪ್ರಿಂಗಿಗೆ ಕಟ್ಟಿದ ಯು ಬೋಲ್ಟ್ ಬಿಗಿ ಇದೆಯಾ, ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿದೆಯಾ ಪರೀಕ್ಷಿಸಿ. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿದು ಜೀಪು ಏಡಿಯಂತೆ ಓರೆಯಾಗಿ ಓಡುತ್ತದೆ.

ಮುಂದಿನ ಹಂತಕ್ಕೆ ಜಾಕ್ ಬೇಕು. ಮುಂದಿನ ಆಕ್ಸಲ್ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಅಲ್ಲಾಡಿದರೆ ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ ಇರಬಹುದು. ಯಾವುದೆಂದು ತಿಳಿಯಲು ಒಂದು ಸುಲಭ ಉಪಾಯ ಇದೆ. ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಹಿಡಿದಾಗ ಗಾಲಿಯೂ ನಕಲ್ಲೂ ಒಂದೇ ತುಂಡಿನಂತಾಗುತ್ತವೆ. ಆಗ ಅಲ್ಲಾಟ ನಿಂತರೆ ಬೇರಿಂಗ್. ಹಾಗೇ ಮುಂದುವರಿದರೆ ಕಿಂಗ್ ಪಿನ್. ಇನ್ನು ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಆಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್ ಕಡೆ ಹೋಗಿ.

ಥಾರ್‌ನ 2020ರ ಮಾದರಿಯಂಥ ಹೊಸ ಗಾಡಿಗಳ ಮುಂದುಗಡೆ ಈ ಅಡ್ಡ ಆಕ್ಸಲ್ ಇಲ್ಲ. ಅಲ್ಲಿ ಗಾಲಿಗಳು ಬೇರೆ ಬೇರೆ ತೋಳುಗಳ ಮೇಲೆ ಆಡುತ್ತವೆ, ಬಾಕ್ಸಿನ ಬದಲು ರ್ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಸರಳು ಮತ್ತು ಅದನ್ನು ಸರಿಸುವ ಹಲ್ಲುಚಕ್ರ, ಇದೆ. ಹೆಸರುಗಳು ಬೇರೆ, ಅಂಗೈ ಇಟ್ಟು ನೋಡುವ ಕ್ರಮ ಅದೇ.

ಬಾಕ್ಸಿನ ಮೇಲಿನ ಆ ಸ್ಕ್ರೂ

ಹಳೆ ಸ್ಟೀರಿಂಗ್ ಬಾಕ್ಸಿನ ಮೇಲೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಳಗಿನ ಹಲ್ಲುಗಳು ಹತ್ತಿರವಾಗಿ ಪ್ಲೇ ಕಡಿಮೆಯಾಗುತ್ತದೆ. ಪುಕ್ಕಟೆ ರಿಪೇರಿ, ಅಲ್ವಾ? ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ತೊಂದರೆ ಶುರುವಾಗುವುದೂ ಇಲ್ಲೇ.

ಬಾಕ್ಸಿನ ಒಳಭಾಗ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗಾಲಿ ನೇರ ಇರುವ ನಡು ಜಾಗದಲ್ಲಿ ಅದನ್ನು ಬೇಕೆಂದೇ ಹೆಚ್ಚು ಬಿಗಿಯಾಗಿ ಮಾಡಿರುತ್ತಾರೆ. ನಾವು ಹೆಚ್ಚು ಹೊತ್ತು ನೇರವಾಗಿಯೇ ಓಡಿಸುವುದರಿಂದ ಸವೆಯುವುದೂ ಆ ನಡು ಜಾಗವೇ. ಹಾಗಾಗಿ ಗಾಲಿ ಪೂರ್ತಿ ತಿರುಗಿದಾಗ ಸ್ಕ್ರೂ ಬಿಗಿ ಮಾಡಿದರೆ, ನೇರಕ್ಕೆ ಬಂದಾಗ ಬಾಕ್ಸ್ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡುವುದಾದರೆ ಡ್ರ್ಯಾಗ್ ಲಿಂಕ್ ಬಿಡಿಸಿ, ಬಾಕ್ಸ್ ನಡು ಜಾಗದಲ್ಲಿರುವಾಗ, ಒಂದು ಸುತ್ತಿನ ಕಾಲು ಭಾಗಕ್ಕಿಂತ ಕಡಿಮೆ ಕಡಿಮೆ ತಿರುಗಿಸುತ್ತಾ ಹೋಗಬೇಕು. ಪ್ರತಿ ಸಲ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಲಾಕ್ ನಟ್. ಜಾಸ್ತಿ ಬಿಗಿಯಾದ ಬಾಕ್ಸ್ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಘಾಟಿಯಲ್ಲಿ ಇದು ಸಡಿಲಕ್ಕಿಂತ ಅಪಾಯ.

ಕೀಲು, ಬುಶ್ಶುಗಳಲ್ಲಿರುವ ಸಡಿಲವನ್ನು ಈ ಸ್ಕ್ರೂವಿನಿಂದ ಮುಚ್ಚಲು ಹೋಗುವುದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟಂತೆ. ಸ್ಟೀರಿಂಗ್ ಡ್ಯಾಂಪರ್ ಎಂಬ ಶಾಕ್ ಅಬ್ಸಾರ್ಬರಿನಂಥ ವಸ್ತುವಿನದ್ದೂ ಅದೇ ಕಥೆ. ಅದು ಕಲ್ಲಿನ ಒದೆ ಕೈಗೆ ತಟ್ಟದಂತೆ ಮಾಡುತ್ತದೆ, ಸವೆದ ಕೀಲನ್ನು ಸರಿ ಮಾಡುವುದಿಲ್ಲ.

ಬದಲಿಸುವಾಗ

ಟೈ ರಾಡ್ ಎಂಡ್ ಕೂರುವ ತೂತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಪೂರವಾಗುತ್ತಾ ಹೋಗುತ್ತದೆ. ಬಾಟಲಿಗೆ ಬಿರಡೆ ಕಚ್ಚಿದ ಹಾಗೆ ಅದರಲ್ಲಿ ಕೀಲಿನ ಗೂಟ ಕಚ್ಚಿ ಕೂರಬೇಕು. ಸಡಿಲವಿಟ್ಟು ವರ್ಷಗಟ್ಟಲೆ ಓಡಿಸಿದರೆ ಆ ತೂತೇ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಆಮೇಲೆ ಎಷ್ಟು ಹೊಸ ಕೀಲು ಹಾಕಿದರೂ ನಿಲ್ಲುವುದಿಲ್ಲ, ತೋಳನ್ನೇ ಬದಲಿಸಬೇಕು. ನಟ್ ಬಿಗಿದ ಮೇಲೆ ಅದು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಕಡ್ಡಾಯ, ಹಳೆಯದನ್ನೇ ಮತ್ತೆ ಹಾಕಬಾರದು. ಪಿನ್ನಿನ ತೂತ ಸೇರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಸೇರಿಸಬೇಕೇ ಹೊರತು ಸಡಿಲ ಮಾಡಿ ಅಲ್ಲ. ಮೇಲೆ ಹೇಳಿದ 98ನೇ ನಿಯಮದಲ್ಲೂ ಇದರ ಮಾತಿದೆ: ಗುಂಡು ಕೀಲುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು.

ಕಿಂಗ್ ಪಿನ್ ಬೇರಿಂಗನ್ನು ಶಿಮ್ ಎಂಬ ತೆಳು ತಗಡಿನ ಬಿಲ್ಲೆಗಳಿಂದ ಬಿಗಿ ಮಾಡುತ್ತಾರೆ. ಒಂದು ಬಿಲ್ಲೆ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಸರಿಯಾಯಿತೇ ಎಂದು ನೋಡಲು ಸಂತೆಯಲ್ಲಿ ಮೀನು ತೂಗುವಂಥ ಸ್ಪ್ರಿಂಗ್ ತಕ್ಕಡಿಯನ್ನು ನಕಲ್ಲಿಗೆ ಸಿಕ್ಕಿಸಿ ಎಳೆಯುತ್ತಾರೆ. ಎಷ್ಟು ಎಳೆತಕ್ಕೆ ತಿರುಗಬೇಕೆಂದು ಕೈಪಿಡಿ ಹೇಳುತ್ತದೆ. ಕೈಯಂದಾಜಿನಲ್ಲಿ ಮಾಡುವ ಕೆಲಸವಲ್ಲ ಇದು.

ವೆಲ್ಡಿಂಗ್ ಬಗ್ಗೆ ಮಾತ್ರ ನನಗೆ ಎರಡು ಅಭಿಪ್ರಾಯ ಇಲ್ಲ. ಬಿರುಕು ಬಿಟ್ಟ ಡ್ರಾಪ್ ಆರ್ಮಿಗೆ, ಬಾಗಿದ ಡ್ರ್ಯಾಗ್ ಲಿಂಕಿಗೆ ಬೆಸುಗೆ ಹಾಕಿಸಬೇಡಿ. ಬೆಂಕಿಯ ಶಾಖಕ್ಕೆ ಉಕ್ಕಿನ ಗುಣವೇ ಬದಲಾಗುತ್ತದೆ. ಮುರಿದರೆ ಗಾಲಿಗೂ ಕೈಗೂ ಸಂಬಂಧವೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ನೂರು ಕಿ.ಮೀ. ಓಡಿಸಿ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಹೊಸ ಸ್ಪ್ರಿಂಗ್ ಕಟ್ಟು ಕೂತುಕೊಂಡಂತೆ ಅವು ಸಡಿಲವಾಗುತ್ತವೆ.

ಇಡೀ ಜೀಪು ನಡುಗಿದರೆ

ಎತ್ತರಿಸಿದ ಜೀಪುಗಳಲ್ಲಿ ಕೆಲವೊಮ್ಮೆ ಒಂದು ಗುಂಡಿ ಹಾರಿದ ಕೂಡಲೇ ಮುಂದಿನ ಗಾಲಿಗಳು ಎಡಬಲಕ್ಕೆ ಹುಚ್ಚೆದ್ದು ಬಡಿದುಕೊಳ್ಳುತ್ತವೆ. ಸ್ಟೀರಿಂಗ್ ಹಿಡಿಯಲು ಆಗುವುದಿಲ್ಲ. ಇದಕ್ಕೆ ಡೆತ್ ವಾಬಲ್ ಎಂಬ ಹೆಸರಿದೆ. ಒಂದು ಸಡಿಲ ಇನ್ನೊಂದನ್ನು ಒದೆಯುತ್ತದೆ, ಅದು ತಿರುಗಿ ಇದನ್ನು ಒದೆಯುತ್ತದೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಜೀಕು ಕೊಟ್ಟ ಹಾಗೆ ನಡುಕ ಏರುತ್ತಲೇ ಹೋಗುತ್ತದೆ. ಆಗ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ವೇಗ ಇಳಿದರೆ ನಡುಕ ನಿಲ್ಲುತ್ತದೆ. ನಿಂತಿತು ಅಂತ ಮತ್ತೆ ಅದೇ ವೇಗಕ್ಕೆ ಹೋಗಬೇಡಿ. ಕಾರಣ ಇನ್ನೂ ಅಲ್ಲೇ ಇದೆ.

ಕಾನೂನಿನ ಮಾತು

ಸವೆದ ಭಾಗ ಬದಲಿಸುವುದು ರಿಪೇರಿ. ಗಾಡಿಯ ರೂಪ ಬದಲಿಸುವುದು ಬೇರೆ ಸಂಗತಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಎತ್ತರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೆಂಪು ಕೆಸರು ಮತ್ತು ಗ್ರೀಸು

ನಮ್ಮ ಕಡೆ ಕೀಲುಗಳು ಬೇಗ ಸವೆಯಲು ಇನ್ನೊಂದು ಕಾರಣ ಮಣ್ಣು. ರಬ್ಬರ್ ಟೋಪಿ ಹರಿದ ಕೀಲಿಗೆ ಕೆಂಪು ಕೆಸರು ಹೊಕ್ಕರೆ ಗ್ರೀಸಿನ ಜೊತೆ ಬೆರೆತು ಪಾಲಿಶ್ ಪೇಸ್ಟ್ ಆಗುತ್ತದೆ. ಗುಂಡನ್ನು ದಿನವೂ ಒಂದಿಷ್ಟು ತಿನ್ನುತ್ತದೆ. ಹಳ್ಳ ದಾಟಿದ ವಾರದಲ್ಲಿ ಗ್ರೀಸ್ ಗನ್ ಹಿಡಿಯಿರಿ. ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಮೂತಿ, ಇರುವ ಕೀಲಿಗೆ, ಶ್ಯಾಕಲ್ಲಿಗೆ ಹಳೆಯ ಕೊಳೆ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ನಿಪ್ಪಲ್ ಇಲ್ಲದ ಕೀಲುಗಳೂ ಇವೆ, ಅವುಗಳ ಟೋಪಿ ಹರಿಯದಂತೆ ನೋಡಿಕೊಳ್ಳುವುದೇ ಸೇವೆ. ನೀರು ರಭಸವಾಗಿ ಬಿಡುವ ಪೈಪನ್ನು ಟೋಪಿಯ ಅಂಚಿಗೆ ಹತ್ತಿರ ಹಿಡಿದು ತೊಳೆಸಬೇಡಿ.

ನನ್ನ ಜೀಪಿಗೆ ಕೊನೆಗೆ ಹಾಕಿದ್ದು ಒಂದು ಸೆಟ್ ಬುಶ್, ಡ್ರ್ಯಾಗ್ ಲಿಂಕಿನ ಒಂದು ಎಂಡ್, ಎರಡು ಸ್ಪ್ಲಿಟ್ ಪಿನ್. ಸೀಮೆಸುಣ್ಣದ ಅಳತೆ ನಾಲ್ಕು ಬೆರಳಿನಿಂದ ಒಂದು ಬೆರಳಿಗೆ ಇಳಿಯಿತು. ವರ್ಕ್‌ಶಾಪಿನವರು ತೆಗೆದುಕೊಟ್ಟ ಹಳೆ ಬಾಕ್ಸ್ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಮೇಸ್ತ್ರಿ ಹೋಗುವ ಮುಂಚೆ ಅದನ್ನು ಎತ್ತಿ ಮೊಣಕಾಲ ಮೇಲಿಟ್ಟುಕೊಂಡು ಆಚೀಚೆ ತಿರುಗಿಸಿ ನೋಡಿದರು. ಅದರಲ್ಲಿ ಪ್ಲೇ ಇರಲಿಲ್ಲ.